ಕಂದುಪಟ್ಟಿಯ ಮೇಲಿನ ಧ್ವನಿ



ಈಚೆಗೆ ಜತ್ತ ಕಡೆಯ ಒಂದು ಊರಿನಲ್ಲಿ ದೂರದ ಸಂಬಂಧದ ಅಕ್ಕನ ಮನೆಗೆ ಹೋಗಿದ್ದೆ. ಹೊತ್ತು ಮುಳುಗುವ ಮುಂಚೆ ಊಟ ಮುಗಿಸಿ ಪಡಸಾಲೆಯಲ್ಲಿ ಕುಳಿತಿದ್ದಾಗ ಅಕ್ಕ ಅಟ್ಟದಿಂದ ಒಂದು ತಗಡಿನ ಡಬ್ಬಿ ಇಳಿಸಿ ತಂದರು. ಅದರ ತುಂಬ ಹಳೆಯ ಕ್ಯಾಸೆಟ್ಟುಗಳು.

"ತಮ್ಮಾ, ಇದರಾಗ ನಮ್ಮ ಅತ್ತಿ ಹಾಡಿದ ಬೀಸೂಕಲ್ಲಿನ ಪದ ಅದಾವ. ಇದರಾಗ ಮುನಿಮಹಾರಾಜರ ಪ್ರವಚನ, ಬಸ್ತಿ ಪಂಚಕಲ್ಯಾಣದಾಗ ತುಂಬಿದ್ದು. ಹ್ವಾದ ವಾರ ಅತ್ತಿ ಕ್ಯಾಸೆಟ್ ಹಚ್ಚಿದ್ವಿ. ಎರಡು ನಿಮಿಷ ಹಾಡಿ, ಗೊರಗೊರ ಅಂದು ನಿಂತಬಿಡ್ತು. ತೆಗೆದು ನೋಡಿದ್ರ ಟೇಪರೆಕಾರ್ಡಿನ ಒಳಗೆಲ್ಲಾ ಕಂದು ಪುಡಿ. ದನಿ ಉದರಿ ಹೋತೇನೋ ತಮ್ಮಾ?"

ಅಕ್ಕನ ಪ್ರಶ್ನೆ ಮುಗ್ಧವೆಂದು ಕೆಲವರಿಗೆ ಅನಿಸಬಹುದು. ಆದರೆ ಅದಕ್ಕೆ ವಿಜ್ಞಾನದ ಉತ್ತರವೂ 'ಹೌದು' ಎಂದೇ. ಕ್ಯಾಸೆಟ್ಟಿನಲ್ಲಿ ಧ್ವನಿ ಇರುವುದು ಪ್ಲಾಸ್ಟಿಕ್ ಪಟ್ಟಿಯಲ್ಲಿ ಅಲ್ಲ. ಆ ಪಟ್ಟಿಯ ಒಂದು ಮೈಗೆ ಬಳಿದ, ನಮ್ಮ ತಲೆಗೂದಲಿನ ಹತ್ತನೇ ಒಂದು ಪಾಲಿನಷ್ಟೂ ದಪ್ಪವಿಲ್ಲದ ಕಂದು ಲೇಪದಲ್ಲಿ ಇರುತ್ತದೆ. ಲೇಪ ಉದುರಿದರೆ ಅದರೊಂದಿಗೆ ಧ್ವನಿಯೂ ಉದುರಿತು. ಈ ಲೇಪ ಏನು, ಅದನ್ನು ಹೇಗೆ ಮಾಡುತ್ತಾರೆ, ಏಕೆ ಉದುರುತ್ತದೆ, ನಾವೇನು ಮಾಡಬೇಕು ಎಂಬುದನ್ನು ಈ ಸಲ ನೋಡೋಣ. ನಮ್ಮಲ್ಲಿ ಅನೇಕರ ಮನೆಯ ಅಟ್ಟದ ಮೇಲೆ ಇಂಥ ಡಬ್ಬಿ ಇದ್ದೇ ಇದೆ.

ನೂಲು, ತಂತಿ, ಕಾಗದ

ಧ್ವನಿಯನ್ನು ಅಯಸ್ಕಾಂತದ ರೂಪದಲ್ಲಿ ಹಿಡಿದಿಡಬಹುದೆಂಬ ವಿಚಾರವನ್ನು 1888ರಲ್ಲಿ ಪ್ರಕಟಿಸಿದವರು ಅಮೆರಿಕದ ಇಂಜಿನಿಯರ್ ಓಬರ್ಲಿನ್ ಸ್ಮಿತ್. ಹತ್ತಿಯ ಅಥವಾ ರೇಷ್ಮೆಯ ನೂಲಿನಲ್ಲಿ ಉಕ್ಕಿನ ಪುಡಿಯನ್ನು ಸೇರಿಸಿ ಹೊಸೆಯಬೇಕೆಂಬುದು ಅವರ ಕಲ್ಪನೆ. ಡೆನ್ಮಾರ್ಕಿನ ವಾಲ್ಡೆಮಾರ್ ಪೌಲ್ಸನ್ 1898ರಲ್ಲಿ ಉಕ್ಕಿನ ತಂತಿಯ ಮೇಲೆ ಧ್ವನಿ ಮುದ್ರಿಸುವ ಯಂತ್ರವನ್ನೇ ಮಾಡಿದರು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅದು ಆಸ್ಟ್ರಿಯದ ಚಕ್ರವರ್ತಿ ಫ್ರಾನ್ಜ್ ಜೋಸೆಫರ ಮಾತನ್ನು ಹಿಡಿದುಕೊಂಡಿತು. ಆ ಧ್ವನಿ ಇಂದಿಗೂ ಉಳಿದಿದೆ.

ಉಕ್ಕಿನ ತಂತಿ ಭಾರ, ಬೆಲೆಯೂ ಹೆಚ್ಚು. ಹಗುರಾದ ದಾರಿ ತೋರಿಸಿದವರು ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿದ್ದ ಫ್ರಿಟ್ಜ್ ಪ್ಲೂಮರ್. ಸಿಗರೇಟಿನ ತುದಿಗೆ ಚಿನ್ನದ ಬಣ್ಣ ಕೊಡಲು ಲೋಹದ ಪುಡಿಯನ್ನು ಅಂಟಿಸುವ ಉಪಾಯ ಅವರಿಗೆ ತಿಳಿದಿತ್ತು. ಅದೇ ಕೈಚಳಕದಿಂದ 1928ರಲ್ಲಿ ಕಾಗದದ ಪಟ್ಟಿಯ ಮೇಲೆ ಕಬ್ಬಿಣದ ಪುಡಿಯನ್ನು ಅಂಟಿಸಿ ಪೇಟೆಂಟು ಪಡೆದರು. ಯಂತ್ರವನ್ನು ಎ.ಇ.ಜಿ. ಸಂಸ್ಥೆಯೂ ಟೇಪನ್ನು ಲುಡ್ವಿಗ್ಸ್‌ಹಾಫೆನ್ನಿನ ಬಿ.ಎ.ಎಸ್.ಎಫ್. ಕಾರ್ಖಾನೆಯೂ ಬೆಳೆಸಿದವು. 1935ರಲ್ಲಿ ಬರ್ಲಿನ್ ರೇಡಿಯೋ ಪ್ರದರ್ಶನದಲ್ಲಿ 'ಮ್ಯಾಗ್ನೆಟೋಫೋನ್' ಜನರ ಮುಂದೆ ಬಂತು. ಕಾಗದದ ಜಾಗಕ್ಕೆ ಪ್ಲಾಸ್ಟಿಕ್ಕೂ ಕಬ್ಬಿಣದ ಪುಡಿಯ ಜಾಗಕ್ಕೆ ಕಬ್ಬಿಣದ ಆಕ್ಸೈಡೂ ಬಂದವು. 1963ರಲ್ಲಿ ಫಿಲಿಪ್ಸ್ ಸಂಸ್ಥೆ ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಕ್ಯಾಸೆಟ್ಟನ್ನು ತಂದ ಮೇಲೆ ಧ್ವನಿಮುದ್ರಣ ಮನೆಮನೆಯ ಮಾತಾಯಿತು.

ಧ್ವನಿ ಉಳಿದರೆ ಏನು ಉಳಿಯುತ್ತದೆ ಎಂಬುದಕ್ಕೆ ನಮ್ಮ ಸಮಾಜದಲ್ಲಿ ಒಂದೇ ಉದಾಹರಣೆ ಸಾಕು. ಭೋಜ ಗ್ರಾಮದ ಚಾರಿತ್ರ ಚಕ್ರವರ್ತಿ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರು 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ ವ್ರತದಲ್ಲಿದ್ದಾಗ, ಸೆಪ್ಟೆಂಬರ್ 8ರಂದು ಮರಾಠಿಯಲ್ಲಿ ನೀಡಿದ ಅಂತಿಮ ಉಪದೇಶವನ್ನು ಧ್ವನಿಮುದ್ರಿಸಿಕೊಳ್ಳಲಾಯಿತು. ಹತ್ತು ದಿನಗಳ ನಂತರ, ಸೆಪ್ಟೆಂಬರ್ 18ರಂದು ಅವರ ಸಮಾಧಿಯಾಯಿತು. ಅಂದು ಯಾರೋ ಆ ಯಂತ್ರವನ್ನು ಬೆಟ್ಟದವರೆಗೆ ಹೊತ್ತು ತಂದಿರದಿದ್ದರೆ ಆ ಕ್ಷೀಣ ಕಂಠವನ್ನು ನಮ್ಮ ಮಕ್ಕಳು ಕೇಳುವಂತಿರಲಿಲ್ಲ.

ನಾಲ್ಕು ಬಣ್ಣದ ತುಕ್ಕು

ಸಾಮಾನ್ಯ ಕ್ಯಾಸೆಟ್ಟಿನ ಕಂದು ಪುಡಿ ಎಂದರೆ ಒಂದು ಬಗೆಯ ತುಕ್ಕೇ. ಆದರೆ ಬಾವಿಯ ರಾಟೆಗೆ ಹಿಡಿಯುವ ತುಕ್ಕು ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ. ಇದನ್ನು ಬಹಳ ಎಚ್ಚರದಿಂದ ತಯಾರಿಸಬೇಕು.

ಮೊದಲು ಕಬ್ಬಿಣದ ಲವಣದ ದ್ರಾವಣಕ್ಕೆ ಕ್ಷಾರ ಬೆರೆಸಿ ಗಾಳಿ ಊದುತ್ತಾರೆ. ಆಗ ಹಳದಿ ಬಣ್ಣದ, ಸೂಜಿಯಾಕಾರದ ಅತಿ ಸಣ್ಣ ಹರಳುಗಳು ಹುಟ್ಟುತ್ತವೆ. ಇವನ್ನು ಕಾಯಿಸಿ ನೀರಿನಂಶ ಕಳೆದರೆ ಕೆಂಪಾಗುತ್ತವೆ. ಜಲಜನಕ ಹಾಯಿಸಿ ಮತ್ತೆ ಕಾಯಿಸಿದರೆ ಕಪ್ಪಾಗುತ್ತವೆ. ಕೊನೆಗೆ ಹದವಾದ ಕಾವಿನಲ್ಲಿ ಗಾಳಿ ತಾಗಿಸಿದರೆ ಕಂದು ಬಣ್ಣಕ್ಕೆ ಬರುತ್ತವೆ. ಇದಕ್ಕೆ 'ಗಾಮಾ ಫೆರಿಕ್ ಆಕ್ಸೈಡ್' ಎಂದು ಹೆಸರು. ಮೂರು ಸಲ ಬಣ್ಣ ಬದಲಾದರೂ ಸೂಜಿಯ ಆಕಾರ ಮಾತ್ರ ಕೆಡಬಾರದು. ಅದರಲ್ಲಿಯೇ ತಯಾರಕನ ಜಾಣ್ಮೆ ಇದೆ.

ಒಂದೊಂದು ಸೂಜಿಯ ಉದ್ದ ಸುಮಾರು ಅರ್ಧ ಮೈಕ್ರಾನ್. ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿಗೆ ಮೈಕ್ರಾನ್ ಎನ್ನುತ್ತಾರೆ. ಹಾಗಾದರೆ ಇಂಥ ಎರಡು ಸಾವಿರ ಸೂಜಿಗಳನ್ನು ಸಾಲಾಗಿ ಇಟ್ಟರೆ ಒಂದು ಮಿಲಿಮೀಟರ್ ಆಯಿತು! ಪ್ರತಿಯೊಂದು ಸೂಜಿಯೂ ಒಂದು ಪುಟ್ಟ ಅಯಸ್ಕಾಂತ. ಉದ್ದನೆಯ ಆಕಾರದಿಂದಾಗಿ ಅದರ ಉತ್ತರ-ದಕ್ಷಿಣ ಧ್ರುವಗಳು ಎರಡು ತುದಿಗಳಲ್ಲಿ ಗಟ್ಟಿಯಾಗಿ ನಿಲ್ಲುತ್ತವೆ. ಬೇಕೆಂದೇ ತಿರುಗಿಸುವವರೆಗೆ ತಿರುಗುವುದಿಲ್ಲ. ಧ್ವನಿ ಮೂವತ್ತು ನಲವತ್ತು ವರ್ಷ ಅಳಿಯದೆ ಉಳಿಯುವುದು ಈ ಹಟದಿಂದಲೇ. 1970ರ ನಂತರ ಕ್ರೋಮಿಯಂ ಡೈಆಕ್ಸೈಡ್, ಕೋಬಾಲ್ಟ್ ಸೇರಿಸಿದ ಆಕ್ಸೈಡ್, ಆ ದಶಕದ ಕೊನೆಗೆ ಶುದ್ಧ ಲೋಹದ ಪುಡಿಯ ಟೇಪುಗಳೂ ಬಂದವು. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಇರುವುದು ಮೊದಲ ಬಗೆಯ ಕಂದು ಟೇಪೇ.

ಅರೆಯುವುದು, ಬಳಿಯುವುದು, ಇಸ್ತ್ರಿ ಮಾಡುವುದು

ಇನ್ನು ಮುಂದಿನ ಕೆಲಸ ನಮ್ಮ ತಾಯಂದಿರಿಗೆ ಚೆನ್ನಾಗಿ ಅರ್ಥವಾಗುವಂಥದು. ಪುಡಿಯನ್ನು ಅಂಟು ಮತ್ತು ದ್ರಾವಕದೊಂದಿಗೆ ಬೆರೆಸಿ, ಗುಂಡುಗಳಿರುವ ದೊಡ್ಡ ಯಂತ್ರದಲ್ಲಿ ಗಂಟೆಗಟ್ಟಲೆ ಅರೆಯುತ್ತಾರೆ. ಹಿಟ್ಟಿನಲ್ಲಿ ಗಂಟು ಉಳಿದರೆ ದೋಸೆ ಕೆಡುವಂತೆ, ಇಲ್ಲಿ ಗಂಟು ಉಳಿದರೆ ಆ ಜಾಗದಲ್ಲಿ ಧ್ವನಿ ತಟ್ಟನೆ ಕುಗ್ಗುತ್ತದೆ. ಹೆಚ್ಚು ಅರೆದರೆ ಸೂಜಿಗಳೇ ಮುರಿಯುತ್ತವೆ. ಕಣಗಳು ಒಂದಕ್ಕೊಂದು ಕಚ್ಚಿಕೊಳ್ಳದಿರಲು ಸೋಯಾ ಅವರೆಯಿಂದ ಬರುವ ಲೆಸಿಥಿನ್‌ನಂಥ ವಸ್ತುವನ್ನು ಬೆರೆಸುತ್ತಿದ್ದರು. ಟೇಪು ಸಲೀಸಾಗಿ ಜಾರಲು ಜಿಡ್ಡಿನ ವಸ್ತು, ವಿದ್ಯುತ್ ಅಂಶ ಸೇರದಿರಲು ಕಾಡಿಗೆಯಂಥ ಇಂಗಾಲದ ಪುಡಿ ಇವೂ ಸೇರುತ್ತವೆ.

'ಇದರಲ್ಲಿ ಪ್ರಾಣಿಜನ್ಯ ವಸ್ತು ಉಂಟೇ?' ಎಂದು ನಮ್ಮ ಓದುಗರು ಕೇಳುವುದು ಸಹಜ. ಫೋಟೋ ಫಿಲ್ಮಿನ ಲೇಪಕ್ಕೆ ಪ್ರಾಣಿಗಳ ಎಲುಬು-ಚರ್ಮದಿಂದ ಬರುವ ಜೆಲಟಿನ್ ಬೇಕು. ಕ್ಯಾಸೆಟ್ಟಿನ ಅಂಟು ಹಾಗಲ್ಲ, ಅದು ರಾಸಾಯನಿಕವಾಗಿ ತಯಾರಾದ ಪಾಲಿಯುರೆಥೇನ್, ವಿನೈಲ್ ಮುಂತಾದದ್ದು. ಆದರೆ ಜಾರಲು ಬೆರೆಸುವ ಸ್ಟಿಯರಿಕ್ ಆಮ್ಲದಂಥ ವಸ್ತುಗಳನ್ನು ಸಸ್ಯಜನ್ಯ ಎಣ್ಣೆಯಿಂದಲೂ ಪ್ರಾಣಿಗಳ ಕೊಬ್ಬಿನಿಂದಲೂ ತೆಗೆಯುತ್ತಾರೆ. ಇದ್ದುದನ್ನು ಇದ್ದಂತೆ ಹೇಳಬೇಕಾದುದರಿಂದ ಇಷ್ಟು ಬರೆದೆ.

ಅರೆದ ಈ ಬಣ್ಣವನ್ನು ಅಗಲವಾದ ಪಾಲಿಯೆಸ್ಟರ್ ಹಾಳೆಯ ಮೇಲೆ ಒಂದೇ ಸಮನಾಗಿ ಬಳಿಯುತ್ತಾರೆ. ಲೇಪ ಇನ್ನೂ ಹಸಿಯಾಗಿರುವಾಗಲೇ ಹಾಳೆಯನ್ನು ಬಲವಾದ ಅಯಸ್ಕಾಂತದ ಬಳಿ ಹಾಯಿಸುತ್ತಾರೆ. ಬಾಚಣಿಗೆ ಎಳೆದ ಕೂದಲಿನಂತೆ ಸೂಜಿಗಳೆಲ್ಲ ಟೇಪಿನ ಉದ್ದಕ್ಕೆ ಸಾಲುಗೊಳ್ಳುತ್ತವೆ. ಕೂಡಲೇ ಬಿಸಿಗಾಳಿಯ ಕೋಣೆಯಲ್ಲಿ ಒಣಗಿಸಿದರೆ ಆ ಸಾಲು ಹಾಗೆಯೇ ನಿಲ್ಲುತ್ತದೆ. ನಂತರ ಕಾದ ಉರುಳೆಗಳ ನಡುವೆ ಒತ್ತಿ ಇಸ್ತ್ರಿ ಮಾಡುತ್ತಾರೆ. ಲೇಪ ಅದುಮಿ ಗಟ್ಟಿಯಾಗುತ್ತದೆ, ಮೈ ಹೊಳೆಯುತ್ತದೆ. ಕೊನೆಗೆ ಚೂಪಾದ ಅಲಗುಗಳಿಂದ 3.81 ಮಿಲಿಮೀಟರ್ ಅಗಲದ ಪಟ್ಟಿಗಳಾಗಿ ಸೀಳಿದರೆ ಕ್ಯಾಸೆಟ್ಟಿನ ಟೇಪು ಸಿದ್ಧ. 60 ನಿಮಿಷದ ಕ್ಯಾಸೆಟ್ಟಿನಲ್ಲಿ ಸುಮಾರು 90 ಮೀಟರ್ ಟೇಪು ಇರುತ್ತದೆ. ಅದರ ಒಟ್ಟು ದಪ್ಪ 16ರಿಂದ 18 ಮೈಕ್ರಾನ್. 90 ನಿಮಿಷದ್ದು ಸುಮಾರು 12, 120 ನಿಮಿಷದ್ದು ಸುಮಾರು 9 ಮೈಕ್ರಾನ್ ಮಾತ್ರ. ಹೆಚ್ಚು ಹೊತ್ತು ಹಾಡುವ ಕ್ಯಾಸೆಟ್ಟು ಬೇಗ ಸಿಕ್ಕುಬೀಳುವುದು ಏಕೆಂದು ಈಗ ತಿಳಿಯಿತಲ್ಲ!

ನುಣುಪಿಗೂ ಒಂದು ಮಿತಿ

ಟೇಪಿನ ಮೈ ಎಷ್ಟು ನುಣುಪಾಗಿರಬೇಕು? ಒಂದು ಸಣ್ಣ ಲೆಕ್ಕ ಮಾಡೋಣ. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಸರಿಯುತ್ತದೆ. ಆರತಿಯ ಗಂಟೆಯ ಕಿಣಿಕಿಣಿಯಲ್ಲಿ ಸೆಕೆಂಡಿಗೆ 10,000 ಕಂಪನದ ಸ್ವರವೊಂದು ಇದೆಯೆನ್ನಿ. 4.76 ಸೆಂಟಿಮೀಟರಿನೊಳಗೆ 10,000 ಅಲೆಗಳು ಕೂರಬೇಕು. ಅಂದರೆ ಒಂದು ಅಲೆಗೆ 4.76 ಮೈಕ್ರಾನ್ ಜಾಗ. ಟೇಪಿಗೂ ಅದನ್ನು ಓದುವ ಹೆಡ್ಡಿಗೂ ನಡುವೆ ಒಂದೇ ಒಂದು ಮೈಕ್ರಾನ್ ಅಂತರ ಬಿದ್ದರೆ ಈ ಸ್ವರದ ಬಲ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಅದೇ 1,000 ಕಂಪನದ ಸ್ವರಕ್ಕೆ ಎಂಟನೇ ಒಂದು ಪಾಲು ಮಾತ್ರ ನಷ್ಟ. ಈ ಲೆಕ್ಕದ ಸೂತ್ರವನ್ನು 1951ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ವ್ಯಾಲೇಸ್ ಎಂಬವರು ಪ್ರಕಟಿಸಿದರು.

ಧೂಳು ಕೂತ ಹೆಡ್ಡಿನಲ್ಲಿ ಹಾಕಿದ ಹಳೆಯ ಪ್ರವಚನ ಕಂಬಳಿ ಹೊದ್ದು ಮಾತನಾಡಿದಂತೆ ಕೇಳುವುದು ಇದರಿಂದಲೇ. ಸ್ವರಗಳು ಉಳಿಯುತ್ತವೆ, 'ಸ', 'ಶ', 'ಚ' ಅಕ್ಷರಗಳ ಮೊನಚು ಹೋಗುತ್ತದೆ. ಧ್ವನಿ ಅಳಿಯಿತೆಂದು ಎಸೆಯುವ ಮುಂಚೆ ಹೆಡ್ಡು ಒರೆಸಿ ನೋಡಬೇಕು.

ಹಾಗಾದರೆ ಮೈಯನ್ನು ಗಾಜಿನಂತೆ ನುಣುಪು ಮಾಡಿಬಿಟ್ಟರೆ? ಅದೂ ಆಗದು. ತೀರಾ ನುಣುಪಾದ ಎರಡು ಮೈಗಳು ಒದ್ದೆ ಗಾಜಿನ ಹಲ್ಲೆಗಳಂತೆ ಕಚ್ಚಿಕೊಳ್ಳುತ್ತವೆ. ಟೇಪು ಹೆಡ್ಡಿಗೆ ಕಚ್ಚಿ ಬಿಟ್ಟು, ಕಚ್ಚಿ ಬಿಟ್ಟು ಕಿರುಗುಟ್ಟುತ್ತದೆ. ಆದ್ದರಿಂದ ತಯಾರಕರು ಬೇಕೆಂದೇ ಅತಿ ಸೂಕ್ಷ್ಮವಾದ ಒರಟುತನವನ್ನು ಉಳಿಸುತ್ತಾರೆ. ಅಲ್ಲಲ್ಲಿ ಗಟ್ಟಿಯಾದ ಅಲ್ಯುಮಿನಾ ಕಣಗಳನ್ನು ಸೇರಿಸಿ, ಟೇಪು ಓಡುತ್ತಲೇ ಹೆಡ್ಡನ್ನು ಚೊಕ್ಕಟ ಮಾಡುವಂತೆಯೂ ಮಾಡುತ್ತಾರೆ. ಉತ್ತಮ ದರ್ಜೆಯ ದೊಡ್ಡ ಸುರುಳಿಗಳಲ್ಲಿ ಹಿಂಬದಿಗೂ ಇಂಗಾಲದ ಒರಟು ಲೇಪವಿರುತ್ತದೆ. ಸುತ್ತುವಾಗ ಪದರಗಳ ನಡುವಿನ ಗಾಳಿ ಹೊರಹೋಗಲು ಅದು ಬೇಕು. ಆದರೆ ಆ ಒರಟು ಹೆಚ್ಚಾದರೆ ಸುರುಳಿಯ ಬಿಗಿತದಲ್ಲಿ ಪಕ್ಕದ ಪದರದ ನುಣುಪು ಮೈಮೇಲೆ ಅಚ್ಚು ಬೀಳುತ್ತದೆ. ಹೀಗೆ ಒಂದರ ಹಿತ ಇನ್ನೊಂದರ ಅಹಿತ. ಒಂದೇ ದೃಷ್ಟಿಯಿಂದ ನೋಡಿದವನಿಗೆ ಒಳ್ಳೆಯ ಟೇಪು ಮಾಡಲಾಗದು. ಅನೇಕಾಂತ ಕಾರ್ಖಾನೆಯಲ್ಲಿಯೂ ಬೇಕಾಯಿತು ನೋಡಿ.

ಅಂಟು ಮತ್ತು ಕಷಾಯ

ಟೇಪಿನ ಆಯುಷ್ಯ ನಿಂತಿರುವುದು ಪುಡಿಯ ಮೇಲೆ ಅಲ್ಲ, ಅಂಟಿನ ಮೇಲೆ. ಪುಡಿ ಹೇಗೂ ತುಕ್ಕು, ಅದು ಇನ್ನೆಷ್ಟು ಕೆಟ್ಟೀತು? ಅಂಟು ಮಾತ್ರ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ನೀರು ಅದರ ಉದ್ದನೆಯ ಅಣುಸರಪಳಿಗಳನ್ನು ನಿಧಾನವಾಗಿ ತುಂಡರಿಸುತ್ತದೆ. 1970-80ರ ದಶಕಗಳ ಕೆಲವು ದೊಡ್ಡ ಸುರುಳಿಗಳಲ್ಲಿ ಲೇಪ ಹೀಗೆ ಜಿಗುಟಾಗಿ, ಓಡಿಸಿದ ಕೂಡಲೇ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ. ತಜ್ಞರು ಇಂಥವನ್ನು ಸುಮಾರು 50 ಡಿಗ್ರಿ ಹದವಾದ ಕಾವಿನಲ್ಲಿ ಗಂಟೆಗಟ್ಟಲೆ ಇಟ್ಟು, ತಾತ್ಕಾಲಿಕವಾಗಿ ಸರಿಪಡಿಸಿ, ಪ್ರತಿ ತೆಗೆದುಕೊಳ್ಳುತ್ತಾರೆ. ಮನೆಯ ಒಲೆಯ ಮುಂದೆ ಈ ಪ್ರಯೋಗ ಖಂಡಿತ ಬೇಡ. ಕ್ಯಾಸೆಟ್ಟುಗಳಲ್ಲಿ ಈ ರೋಗ ಕಡಿಮೆ. ಆದರೆ ಅಗ್ಗದ ಕ್ಯಾಸೆಟ್ಟುಗಳಲ್ಲಿ ಅಂಟು ಮೊದಲೇ ದುರ್ಬಲವಾದ್ದರಿಂದ ಲೇಪ ಪುಡಿಪುಡಿಯಾಗಿ ಉದುರುತ್ತದೆ. ಅಕ್ಕನ ಕ್ಯಾಸೆಟ್ಟಿಗೆ ಆದದ್ದು ಇದೇ.

ಇದನ್ನು ಬರೆಯುವಾಗ ತತ್ತ್ವಾರ್ಥಸೂತ್ರದ ಎಂಟನೆಯ ಅಧ್ಯಾಯ ನೆನಪಾಗದೆ ಇರದು. ಕರ್ಮಪುದ್ಗಲದ ಕಣಗಳು ಎಲ್ಲೆಡೆ ಇದ್ದರೂ ಅವು ಜೀವಕ್ಕೆ ಕಟ್ಟಿಕೊಳ್ಳಲು ಕ್ರೋಧ, ಮಾನ, ಮಾಯೆ, ಲೋಭವೆಂಬ ಕಷಾಯದ ಅಂಟು ಬೇಕು. ಒಣ ಗೋಡೆಗೆ ಬಿದ್ದ ಧೂಳು ಉದುರುತ್ತದೆ, ಎಣ್ಣೆ ಮೈಗೆ ಬಿದ್ದದ್ದು ನಿಲ್ಲುತ್ತದೆ ಎಂದು ನಮ್ಮ ಗುರುಗಳು ಹೇಳುವುದನ್ನು ಕೇಳಿದ್ದೇವೆ. ಟೇಪಿನಲ್ಲಿ ಅಂಟು ಬಿಟ್ಟರೆ ನಷ್ಟ, ಜೀವನದಲ್ಲಿ ಅಂಟು ಬಿಟ್ಟರೆ ಲಾಭ. ವ್ಯತ್ಯಾಸ ಇಷ್ಟೇ.

ಮನೆಯಲ್ಲಿ ಮಾಡಬೇಕಾದದ್ದು

ಕಾಸರಗೋಡು, ವಯನಾಡು, ಗೋವೆಯ ಓದುಗರಿಗೆ ಮಳೆಗಾಲದ ತೇವವೇ ವೈರಿ. ಸೊಲ್ಲಾಪುರ, ಅದವಾನಿ ಕಡೆಯವರಿಗೆ ಬೇಸಿಗೆಯ ಕಾವು. ಎಲ್ಲರಿಗೂ ಅನ್ವಯಿಸುವ ಕೆಲವು ಮಾತುಗಳು:

ಮೊದಲು ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಮುರಿಯಿರಿ. ಆಗ ಅಪ್ಪಿತಪ್ಪಿ ಅದರ ಮೇಲೆ ಮತ್ತೊಂದು ಮುದ್ರಣವಾಗದು. ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ಹಾಕಲೇಬೇಡಿ. ಬೇರೆಯದರಿಂದ ದೂರವಿಟ್ಟು ತಜ್ಞರಿಗೆ ಒಪ್ಪಿಸಿ. ಬೂಷ್ಟಿಲ್ಲದಿದ್ದರೆ ಒಳಗೆ ಹೆಡ್ಡಿಗೆ ಟೇಪನ್ನು ಒತ್ತುವ ಪುಟ್ಟ ಮೆತ್ತೆ ಇದೆಯೇ ನೋಡಿ. ಅದು ಬಿದ್ದುಹೋಗಿದ್ದರೆ ಧ್ವನಿ ಮಂಕಾಗುತ್ತದೆ. ತಿರುಪು ಇರುವ ಬೇರೆ ಕ್ಯಾಸೆಟ್ಟಿನ ಕವಚಕ್ಕೆ ಟೇಪನ್ನು ವರ್ಗಾಯಿಸಬಹುದು.

ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಿ, ಒಣಗಿದ ಮೇಲೆ, ಮೊದಲು ಮುಖ್ಯವಲ್ಲದ ಒಂದು ಕ್ಯಾಸೆಟ್ಟು ಹಾಕಿ ಯಂತ್ರವನ್ನು ಪರೀಕ್ಷಿಸಿ. ಬೆಲೆಬಾಳುವ ಕ್ಯಾಸೆಟ್ಟನ್ನು ಕೇಳಿ ನೋಡಲೆಂದು ಮತ್ತೆ ಮತ್ತೆ ಹಾಕಬಾರದು. ಮೊದಲ ಸಲ ಹಾಕುವಾಗಲೇ ಕಂಪ್ಯೂಟರಿಗೆ ಪ್ರತಿ ತೆಗೆದುಕೊಳ್ಳಿ. ಸಂಕುಚಿತವಲ್ಲದ 'ವೇವ್' ಕಡತವಾಗಿ ಉಳಿಸಿ. ಒಂದು ಪ್ರತಿ ಮನೆಯಲ್ಲಿ, ಒಂದು ಬೇರೆ ಊರಿನ ನೆಂಟರಲ್ಲಿ, ಒಂದು ಬಸದಿಯ ಗ್ರಂಥಭಂಡಾರದಲ್ಲಿ ಇರಲಿ. ಯಾರ ಧ್ವನಿ, ಯಾವ ಊರು, ಯಾವ ವರ್ಷ ಎಂದು ತಪ್ಪದೆ ಬರೆಯಿರಿ. ಹೆಸರಿಲ್ಲದ ಧ್ವನಿ ಮುಂದಿನ ಪೀಳಿಗೆಗೆ ಅನಾಥ. ಪ್ರತಿಯಾಯಿತೆಂದು ಮೂಲ ಕ್ಯಾಸೆಟ್ಟನ್ನು ಎಸೆಯಬೇಡಿ. ಒಣ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿ, ಸ್ಪೀಕರಿನ ಅಯಸ್ಕಾಂತದಿಂದ ದೂರವಿಡಿ.

ಟೇಪಿನ ಕಾಲ ಮುಗಿಯಿತೆಂದು ತಿಳಿಯುವವರಿಗೆ ಒಂದು ಮಾತು. ದೊಡ್ಡ ಸಂಸ್ಥೆಗಳು ಇಂದಿಗೂ ತಮ್ಮ ಕಂಪ್ಯೂಟರ್ ದಾಖಲೆಗಳನ್ನು ಟೇಪಿನಲ್ಲಿಯೇ ಕಾದಿಡುತ್ತವೆ. 2021ರಲ್ಲಿ ಬಂದ ಒಂದು ಬಗೆಯಲ್ಲಿ 5 ಮೈಕ್ರಾನಿನಷ್ಟು ದಪ್ಪದ, 1,035 ಮೀಟರ್ ಉದ್ದದ ಟೇಪಿನಲ್ಲಿ 18 ಲಕ್ಷ ಕೋಟಿ ಅಕ್ಷರಗಳಷ್ಟು ಮಾಹಿತಿ ಹಿಡಿಯುತ್ತದೆ. ಅವರೂ ಒಂದು ಪ್ರತಿಯನ್ನು ನಂಬಿ ಕೂರುವುದಿಲ್ಲ. ಕೆಲವು ವರ್ಷಗಳಿಗೊಮ್ಮೆ ಹಳೆಯದರಿಂದ ಹೊಸದಕ್ಕೆ ಪ್ರತಿ ಮಾಡುತ್ತಲೇ ಇರುತ್ತಾರೆ.

ಪ್ರತಿ ಮಾಡಿ ಉಳಿಸುವ ವಿದ್ಯೆ ನಮಗೇನೂ ಹೊಸದಲ್ಲ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನ ಕವಿಯ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಮೂಡಬಿದರೆಯ ತಾಳೆಗರಿಗಳಲ್ಲಿದ್ದ ಧವಲ ಗ್ರಂಥಗಳು ಪ್ರತಿಯಾಗಿ ಹೊರಬಂದುದರಿಂದಲೇ 1939ರಿಂದ ಮುದ್ರಣ ಕಂಡವು. ಷಟ್ಖಂಡಾಗಮ ಪೂರ್ಣಗೊಂಡ ನೆನಪಿಗೆ ಜ್ಯೇಷ್ಠ ಶುದ್ಧ ಪಂಚಮಿಯಂದು ಶ್ರುತಪಂಚಮಿ ಆಚರಿಸುತ್ತೇವೆ. ಗ್ರಂಥಗಳನ್ನು ಹೊರತೆಗೆದು, ಧೂಳು ಕೊಡವಿ, ಹೊಸ ಬಟ್ಟೆ ಸುತ್ತುತ್ತೇವೆ. 'ಶ್ರುತ' ಎಂದರೆ ಕೇಳಿದ್ದು. ಅಂದು ಗ್ರಂಥಗಳೊಂದಿಗೆ ಅಟ್ಟದ ಮೇಲಿನ ಕ್ಯಾಸೆಟ್ ಡಬ್ಬಿಯನ್ನೂ ಇಳಿಸಬಾರದೇಕೆ?

ಅಕ್ಕನ ಡಬ್ಬಿಯ ಕತೆ ಹೇಳಿ ಮುಗಿಸುತ್ತೇನೆ. ಸೊಲ್ಲಾಪುರದಲ್ಲಿ ಹಳೆಯ ಯಂತ್ರಗಳನ್ನು ರಿಪೇರಿ ಮಾಡುವ ಒಬ್ಬರು ಬೀಸುವ ಪದದ ಕ್ಯಾಸೆಟ್ಟಿಗೆ ಬೇರೆ ಕವಚ ಹಾಕಿ, ನಡುನಡುವೆ ನಿಲ್ಲಿಸಿ ಹೆಡ್ಡು ಒರೆಸುತ್ತ ಪ್ರತಿ ತೆಗೆದುಕೊಟ್ಟರು. ಮೊದಲ ಪದ ಉದುರಿಹೋಗಿತ್ತು, ಅದು ಮತ್ತೆ ಬರಲಾರದು. ಉಳಿದ ಪದಗಳು ಬಂದವು. ಪ್ರವಚನದ ಎರಡು ಕ್ಯಾಸೆಟ್ಟುಗಳಲ್ಲಿ ಬೂಷ್ಟು ಹಿಡಿದು ಪದರಕ್ಕೆ ಪದರ ಅಂಟಿದೆ. ಅವನ್ನು ತಜ್ಞರಿಗೆ ಕೊಡಲು ಬೇರೆ ತೆಗೆದಿಟ್ಟಿದ್ದೇವೆ. ಐದು ವರ್ಷ ಮೊದಲೇ ಡಬ್ಬಿ ಇಳಿಸಿದ್ದರೆ ಚೆನ್ನಾಗಿತ್ತು.

ಪ್ರತಿಯನ್ನು ಅಕ್ಕನಿಗೆ ಕೇಳಿಸಿದಾಗ ಎರಡು ಪದಗಳ ನಡುವೆ ಬೀಸುಕಲ್ಲಿನ ಸದ್ದು ನಿಂತು, ಅತ್ತೆಯ ಧ್ವನಿ ಗಟ್ಟಿಯಾಗಿ ಬಂತು: "ಏ, ಹಾಲು ಉಕ್ಕತೈತಿ ನೋಡs!" ಹೊಸದಾಗಿ ಮನೆಗೆ ಬಂದ ಸೊಸೆಗೆ ಹೇಳಿದ ಮಾತು ಅದು. ಅಕ್ಕ ತಟ್ಟನೆ ಅಡುಗೆಮನೆಯ ಕಡೆ ತಿರುಗಿ ನೋಡಿದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಇನ್ನೊಮ್ಮೆ ಹಚ್ಚೋ ತಮ್ಮಾ" ಎಂದರು.